ಕ್ಷಿಪಣಿ ಮೊದಲು ವಿಮಾನದಿಂದ ಕಳಚಿಕೊಳ್ಳಲಿ: ರಕ್ಷಣಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ರಕ್ಷಣಾ ಸಚಿವರಿಗೆ ಹಾಗೂ ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ಸದಸ್ಯರಿಗೆ,

ನಮಸ್ಕಾರ.

2025ರ ಏಪ್ರಿಲ್ 25ರಂದು ಹೈದರಾಬಾದಿನ ರಕ್ಷಣಾ ಸಂಶೋಧನಾಲಯ ಡಿಆರ್‌ಡಿಎಲ್‌ನಲ್ಲಿ ಸ್ಕ್ರಾಮ್‌ಜೆಟ್ (ಶಬ್ದಕ್ಕಿಂತ ವೇಗವಾಗಿ ನುಗ್ಗುವ ಗಾಳಿಯಲ್ಲೇ ಇಂಧನ ಉರಿಸುವ ಎಂಜಿನ್) ದಹನಕೋಷ್ಠವೊಂದು ಸಾವಿರ ಸೆಕೆಂಡಿಗೂ ಹೆಚ್ಚು ಹೊತ್ತು ಉರಿಯಿತು. ಅದೇ ವರ್ಷದ ಜನವರಿಯಲ್ಲಿ ಇಂಥದೇ ಪರೀಕ್ಷೆ 120 ಸೆಕೆಂಡಿಗೆ ನಿಂತಿತ್ತು. ಮೂರು ತಿಂಗಳಲ್ಲಿ ಎಂಟು ಪಟ್ಟು ಮುಂದೆ ಹೋದದ್ದು ಸಣ್ಣ ಮಾತಲ್ಲ. ಆ ಕೆಲಸ ಮಾಡಿದವರ ಬಗ್ಗೆ ನಮಗೆ ತಕರಾರಿಲ್ಲ, ಹೆಮ್ಮೆಯಿದೆ. ನಮ್ಮ ತಕರಾರು ಅದರ ಮರುದಿನ ಶುರುವಾದ ಮಾತುಗಳ ಬಗ್ಗೆ. 'ಇನ್ನೇನು, ಈ ಎಂಜಿನ್ನಿನ ಹೈಪರ್‌ಸಾನಿಕ್ ಕ್ರೂಸ್ ಕ್ಷಿಪಣಿಯನ್ನು ಸುಖೋಯ್ ಯುದ್ಧವಿಮಾನದ ಹೊಟ್ಟೆಗೆ ತಗುಲಿಸಿ ಹಾರಿಸುವುದಷ್ಟೇ ಬಾಕಿ' ಎನ್ನುವ ಧಾಟಿ ಸುದ್ದಿವಾಹಿನಿಗಳಲ್ಲಿ ಮಾತ್ರವಲ್ಲ, ಯೋಜನೆಗೆ ಹಣ ಮತ್ತು ಗಡುವು ನಿಗದಿ ಮಾಡುವವರ ಬಾಯಲ್ಲೂ ಕೇಳಿಬರುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದರಲ್ಲಿ ನಾವು ಮೊದಲಿನಿಂದಲೂ ನಿಸ್ಸೀಮರು.

ಏಪ್ರಿಲ್‌ನಲ್ಲಿ ಉರಿದದ್ದು ಪೂರ್ಣ ಗಾತ್ರದ್ದಲ್ಲ, ಚಿಕ್ಕ ಅಳತೆಯ ಕೋಷ್ಠ. ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ್ದು. ಆಕಾಶದಲ್ಲಿ ನಮ್ಮ ಲೆಕ್ಕ ಬೇರೆ. 2016ರ ಆಗಸ್ಟ್ 28ರಂದು ಶ್ರೀಹರಿಕೋಟಾದಿಂದ ಹಾರಿದ ಇಸ್ರೋದ ಹೈಡ್ರೋಜನ್ ಸ್ಕ್ರಾಮ್‌ಜೆಟ್ 5 ಸೆಕೆಂಡ್ ಉರಿಯಿತು. 2020ರ ಸೆಪ್ಟೆಂಬರ್ 7ರಂದು ಒಡಿಶಾದ ಕಲಾಂ ದ್ವೀಪದಿಂದ ಹೊರಟ ಡಿಆರ್‌ಡಿಒದ ಸ್ಕ್ರಾಮ್‌ಜೆಟ್ ಪರೀಕ್ಷಾ ವಾಹನ ಎಚ್‌ಎಸ್‌ಟಿಡಿವಿ ಸುಮಾರು 30 ಕಿಲೋಮೀಟರ್ ಎತ್ತರದಲ್ಲಿ, ಶಬ್ದದ ಆರು ಪಟ್ಟು ವೇಗದಲ್ಲಿ, 20 ಸೆಕೆಂಡಿಗಿಂತ ಹೆಚ್ಚು ಹೊತ್ತು ಉರಿಯಿತು. ಆ ವೇಗದಲ್ಲಿ 20 ಸೆಕೆಂಡ್ ಎಂದರೆ 40 ಕಿಲೋಮೀಟರಿಗೂ ಕಡಿಮೆ. ಸಾವಿರ ಸೆಕೆಂಡ್ ಎಂದರೆ 1,800 ಕಿಲೋಮೀಟರ್. ಈ ಎರಡರ ನಡುವಿನ ಅಂತರವನ್ನು ನೆಲದ ಮೇಲೆ ಎಷ್ಟೇ ಚೆನ್ನಾಗಿ ಉರಿಸಿದರೂ ತುಂಬಲಾಗದು, ಹಾರಿಸಿಯೇ ತುಂಬಬೇಕು.

ಶಬ್ದದ ಐದು ಪಟ್ಟಿಗಿಂತ ವೇಗವಾದದ್ದಕ್ಕೆಲ್ಲ 'ಹೈಪರ್‌ಸಾನಿಕ್' ಎಂದು ಹಣೆಪಟ್ಟಿ ಹಚ್ಚಿಬಿಡುವುದರಿಂದಲೂ ಗೊಂದಲ ಹೆಚ್ಚಿದೆ. ರಷ್ಯಾದ ಮಿಗ್-31ಕೆ ಹೊರುವ ಕಿಂಜಾಲ್ ವಿಮಾನದಿಂದ ಬಿಡುವ ಬ್ಯಾಲಿಸ್ಟಿಕ್ ಕ್ಷಿಪಣಿ. 2024ರ ನವೆಂಬರ್ 16ರಂದು ನಾವು ಪರೀಕ್ಷಿಸಿದ, 1,500 ಕಿಲೋಮೀಟರಿಗೂ ಹೆಚ್ಚು ವ್ಯಾಪ್ತಿಯ ಕ್ಷಿಪಣಿ ರಾಕೆಟ್ ಬಲದಿಂದ ಮೇಲೇರಿ ಆಮೇಲೆ ಎಂಜಿನ್ ಇಲ್ಲದೆ ತೇಲುತ್ತಾ ಸಾಗುವ ಬಗೆಯದು. ಕ್ರೂಸ್ ಕ್ಷಿಪಣಿ ಇವೆರಡೂ ಅಲ್ಲ. ಅದರ ಎಂಜಿನ್ ದಾರಿಯುದ್ದಕ್ಕೂ ಗಾಳಿ ನುಂಗಿ ಉರಿಯುತ್ತಲೇ ಇರಬೇಕು. ಮೊದಲಿನ ಎರಡರಲ್ಲಿ ಗೆದ್ದವರು ಮೂರನೆಯದರಲ್ಲೂ ಗೆಲ್ಲುತ್ತಾರೆಂಬ ಖಾತರಿ ಇಲ್ಲ.

ಉರಿಯುವುದೇ ಯಾಕಿಷ್ಟು ಕಷ್ಟ? ಕೋಷ್ಠದೊಳಗೆ ಗಾಳಿ ಸೆಕೆಂಡಿಗೆ 1.5 ಕಿಲೋಮೀಟರ್ ವೇಗದಲ್ಲಿ ನುಗ್ಗುತ್ತದೆ. ಕೋಷ್ಠ ಒಂದು ಮೀಟರ್ ಉದ್ದವಿದ್ದರೆ ಇಂಧನ ಬೆರೆತು, ಹೊತ್ತಿ, ಉರಿದು ಹೊರಬರಲು ಸಿಗುವ ಸಮಯ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕೂ ಕಡಿಮೆ. ಬಿರುಗಾಳಿಯಲ್ಲಿ ದೀಪಕ್ಕೆ ಅಂಗೈ ಅಡ್ಡ ಹಿಡಿಯಬಹುದು, ಇಲ್ಲಿ ಅಂಗೈಯೂ ಕರಗಿಹೋಗುತ್ತದೆ. ಮ್ಯಾಕ್ 6ರಲ್ಲಿ, ಅಂದರೆ ಶಬ್ದದ ಆರು ಪಟ್ಟು ವೇಗದಲ್ಲಿ, ತಡೆದು ನಿಂತ ಗಾಳಿಯ ತಾಪ ಸುಮಾರು 1,400 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ಬೆಂಕಿ ಹೊತ್ತುವುದಕ್ಕೂ ಮೊದಲೇ. ಮೈಮೇಲೆ ಬೀಳುವ ಶಾಖ ವೇಗದ ಘನದಂತೆ ಏರುತ್ತದೆ. ಅಷ್ಟೇ ಸಾಂದ್ರತೆಯ ಗಾಳಿಯಲ್ಲಿ ಮ್ಯಾಕ್ 2.8ರ ಬ್ರಹ್ಮೋಸ್‌ಗೆ ತಗಲುವುದರ ಹತ್ತು ಪಟ್ಟು ಮ್ಯಾಕ್ 6ಕ್ಕೆ ತಗಲುತ್ತದೆ. ಆದ್ದರಿಂದ 'ಬ್ರಹ್ಮೋಸ್‌ನ್ನೇ ಇನ್ನಷ್ಟು ವೇಗ ಮಾಡಿ' ಎಂಬ ಮಾತಿಗೆ ಅರ್ಥವಿಲ್ಲ. ಅದು ಬೇರೆಯೇ ಯಂತ್ರ.

ಈ ಶಾಖವನ್ನು ಹೀರಲು ಇಂಧನವನ್ನೇ ಗೋಡೆಯೊಳಗಿನ ಸಣ್ಣ ಸಣ್ಣ ಕಾಲುವೆಗಳಲ್ಲಿ ಹರಿಸುತ್ತಾರೆ. ಬಿಸಿಗೆ ಇಂಧನದ ಅಣುಗಳು ಒಡೆಯುವಾಗ ಇನ್ನಷ್ಟು ಶಾಖ ಹೀರಿಕೊಳ್ಳುತ್ತವೆ. ಡಿಆರ್‌ಡಿಎಲ್ ಉದ್ಯಮದ ಜೊತೆ ಸೇರಿ ಸಿದ್ಧಪಡಿಸಿದ ಇಂಧನ ಇದೇ ತತ್ವದ್ದು. ಆದರೆ ಅಣು ಒಡೆದಲ್ಲಿ ಮಸಿಯೂ ಕಟ್ಟುತ್ತದೆ. ಸೀಮೆಎಣ್ಣೆ ಸ್ಟವ್ ಹಚ್ಚಿದವರಿಗೆ ನಿಪ್ಪಲ್ ಕಟ್ಟುವುದು ಗೊತ್ತು. ಅಲ್ಲಿ ಪಿನ್ ಹಾಕಿ ಚುಚ್ಚಿದರೆ ಆಯಿತು. ಇಲ್ಲಿ ಕಾಲುವೆಯೊಂದು ಕಟ್ಟಿದರೆ ಅದರ ಪಕ್ಕದ ಗೋಡೆಗೆ ತಂಪು ತಪ್ಪುತ್ತದೆ, ಸ್ವಲ್ಪ ಹೊತ್ತಿನಲ್ಲೇ ಗೋಡೆ ತೂತು ಬೀಳುತ್ತದೆ. 20 ಸೆಕೆಂಡಿನ ಹಾರಾಟದಲ್ಲಿ ಈ ತೊಂದರೆ ತಲೆ ಎತ್ತುವುದೇ ಇಲ್ಲ. ಹತ್ತು ನಿಮಿಷದ ಹಾರಾಟದಲ್ಲಿ ಇದೇ ಮುಖ್ಯ ತೊಂದರೆ ಆಗಬಹುದು. ಸಾವಿರ ಸೆಕೆಂಡಿನ ನೆಲದ ಪರೀಕ್ಷೆಯ ನಿಜವಾದ ಬೆಲೆ ಇರುವುದು ಇಲ್ಲಿ.

ಇಷ್ಟು ಹೇಳಿದ ಮೇಲೂ ನಮ್ಮ ದೊಡ್ಡ ಚಿಂತೆ ಎಂಜಿನ್ನಿನದಲ್ಲ. ಅದಕ್ಕೆ ಬೇರೆಯವರು ಎಲ್ಲಿ ಎಡವಿದರು ಎಂಬುದನ್ನು ನೋಡಬೇಕು.

2001ರ ಜೂನ್ 2ರಂದು ನಾಸಾದ ಸ್ಕ್ರಾಮ್‌ಜೆಟ್ ಪರೀಕ್ಷಾ ವಾಹನ ಎಕ್ಸ್-43ಎ, ಭಾರಿ ಬಾಂಬರ್ ಬಿ-52 ವಿಮಾನದಿಂದ ಕೆಳಗೆ ಬಿದ್ದ ಕೆಲವೇ ಸೆಕೆಂಡುಗಳಲ್ಲಿ ಅದಕ್ಕೆ ಆರಂಭದ ವೇಗ ಕೊಡುವ ಬೂಸ್ಟರ್ ರಾಕೆಟ್ ಹತೋಟಿ ತಪ್ಪಿತು. ಸ್ಕ್ರಾಮ್‌ಜೆಟ್ ಹೊತ್ತಿಸುವ ಪ್ರಮೇಯವೇ ಬರಲಿಲ್ಲ. ಬೂಸ್ಟರ್ ಸರಿಪಡಿಸಿ ಮತ್ತೆ ಹಾರಿಸಿದ್ದು ಸುಮಾರು ಮೂರು ವರ್ಷದ ನಂತರ, 2004ರ ಮಾರ್ಚ್‌ನಲ್ಲಿ. ಅಮೆರಿಕದ ವಾಯುಪಡೆಯ ಸ್ಕ್ರಾಮ್‌ಜೆಟ್ ವಾಹನ ಎಕ್ಸ್-51ಎ ನಾಲ್ಕು ಬಾರಿ ಹಾರಿತು. 2010ರ ಮೇ 26ರಂದು ಎಂಜಿನ್ ಹೊತ್ತಿತು, ಆದರೆ 300 ಸೆಕೆಂಡಿನ ಗುರಿ ಮುಟ್ಟಲಿಲ್ಲ. 2011ರ ಜೂನ್ 13ರಂದು ಹೊತ್ತಿಸಲು ಬಳಸಿದ ಎಥಿಲೀನ್‌ನಿಂದ ಮುಖ್ಯ ಇಂಧನ ಜೆಪಿ-7ಕ್ಕೆ ಬದಲಾಗುವ ಹೊತ್ತಿನಲ್ಲಿ ಗಾಳಿ ನುಗ್ಗುವ ಒಳಬಾಯಿಯ ಆಘಾತ ತರಂಗ ಹೊರಕ್ಕೆ ತಳ್ಳಿಕೊಂಡು ಬಂದು ಗಾಳಿಯ ಹರಿವೇ ಮುರಿಯಿತು. ಹೀಗಾದಾಗ ನೂಕುಬಲ ಇದ್ದಕ್ಕಿದ್ದಂತೆ ಹೋಗುತ್ತದೆ, ಎಳೆತ ಏರುತ್ತದೆ. ಎಂಜಿನಿಯರುಗಳು ಇದಕ್ಕೆ 'ಅನ್‌ಸ್ಟಾರ್ಟ್' ಎನ್ನುತ್ತಾರೆ. 2012ರ ಆಗಸ್ಟ್ 14ರಂದು 16ನೇ ಸೆಕೆಂಡಿಗೆ ದಿಕ್ಕು ತಿದ್ದುವ ಒಂದು ರೆಕ್ಕೆಮರಿ ಕೈಕೊಟ್ಟಿತು, ಬೂಸ್ಟರಿನಿಂದ ಬೇರ್ಪಟ್ಟ ಮೇಲೆ ವಾಹನ ಹತೋಟಿ ತಪ್ಪಿ ಆಟ ಮುಗಿಯಿತು. ಎಂಜಿನ್ ಹೊತ್ತಲೇ ಇಲ್ಲ. ಪೂರ್ತಿ ಗೆದ್ದದ್ದು ನಾಲ್ಕನೆಯದು, 2013ರ ಮೇ 1ರಂದು: ಮ್ಯಾಕ್ 5.1, ಸ್ಕ್ರಾಮ್‌ಜೆಟ್ ಬಲದಲ್ಲಿ 210 ಸೆಕೆಂಡ್, ಒಟ್ಟು 426 ಕಿಲೋಮೀಟರ್.

ಇನ್ನು ಅಮೆರಿಕದ ಎಜಿಎಂ-183 ಕ್ಷಿಪಣಿ. ಅದು ತೇಲುವ ಬಗೆಯದು, ಕ್ರೂಸ್ ಅಲ್ಲ. ಆದರೂ ವಿಮಾನದಿಂದ ಬಿಡುವ ಪಾಠಕ್ಕೆ ಅದರಷ್ಟು ಒಳ್ಳೆಯ ಪುಸ್ತಕ ಇನ್ನೊಂದಿಲ್ಲ. 2021ರ ಏಪ್ರಿಲ್‌ನಲ್ಲಿ ಅದು ಬಿ-52ನಿಂದ ಕಳಚಿಕೊಳ್ಳಲೇ ಇಲ್ಲ, ವಿಮಾನದ ಜೊತೆಗೇ ವಾಪಸು ಬಂತು. ಜುಲೈನಲ್ಲಿ ಕಳಚಿಕೊಂಡಿತು, ರಾಕೆಟ್ ಹೊತ್ತಲಿಲ್ಲ. ಡಿಸೆಂಬರ್‌ನಲ್ಲಿ ಬಿಡುವ ಮುಂಚೆಯೇ ಉಡಾವಣೆಯ ಕ್ರಮ ನಿಂತುಹೋಯಿತು. ಒಂದೇ ವರ್ಷದಲ್ಲಿ ಮೂರು ಸೋಲು, ಮೂರರಲ್ಲೂ ಹೈಪರ್‌ಸಾನಿಕ್ ಎಂಬ ಪದಕ್ಕೆ ಕೆಲಸವೇ ಇರಲಿಲ್ಲ. ಕೊಕ್ಕೆ, ತಂತಿ, ಬ್ಯಾಟರಿ, ತಂತ್ರಾಂಶ, ಹೊತ್ತಿಸುವ ಮದ್ದು: ಇಂಥ 'ಚಿಲ್ಲರೆ' ಸಾಮಾನುಗಳ ಲೋಕದಲ್ಲೇ ಯೋಜನೆಯ ಒಂದು ವರ್ಷ ಕಳೆಯಿತು.

ನಮ್ಮ ವಿಮಾನದ ಕಡೆಗೆ ಬರೋಣ. ಎಚ್‌ಎಸ್‌ಟಿಡಿವಿಯನ್ನು ಮೇಲೆತ್ತಿದ್ದು ಅಗ್ನಿ-1ರ ರಾಕೆಟ್ ಮೋಟಾರು. ಅಗ್ನಿ-1 ಕ್ಷಿಪಣಿಯ ತೂಕ ಸುಮಾರು 12 ಟನ್. ಸುಖೋಯ್-30 ಎಂಕೆಐ ತನ್ನೆಲ್ಲ ಕೊಕ್ಕೆಗಳಲ್ಲಿ ಸೇರಿ ಹೊರುವುದು 8 ಟನ್. ನಡುಹೊಟ್ಟೆಯ ಒಂದೇ ಕೊಕ್ಕೆಗೆ ಇದುವರೆಗೆ ತೂಗುಹಾಕಿರುವ ಅತಿ ಭಾರದ ವಸ್ತು ಬ್ರಹ್ಮೋಸ್‌ನ ವಿಮಾನ ಆವೃತ್ತಿ, 2.5 ಟನ್. ನೆಲದ ಬ್ರಹ್ಮೋಸ್ ಸುಮಾರು 3 ಟನ್. ಆ ಅರ್ಧ ಟನ್ ಇಳಿಸಿ, ನಾಸಿಕ್‌ನಲ್ಲಿ ಎಚ್‌ಎಎಲ್ ವಿಮಾನದ ಹೊಟ್ಟೆ ಬಲಪಡಿಸಿ, 2016ರ ಜೂನ್ 25ರಂದು ಕ್ಷಿಪಣಿ ಹೊತ್ತು ಮೊದಲ ಬಾರಿ ಹಾರಿದ ಮೇಲೂ ನಿಜವಾಗಿ ಉಡಾಯಿಸಲು 2017ರ ನವೆಂಬರ್ 22ರವರೆಗೆ ಕಾಯಬೇಕಾಯಿತು. ಬರೀ ಹೊರುವುದರಿಂದ ಬಿಡುವುದಕ್ಕೆ 17 ತಿಂಗಳು. ಅದೂ ನೆಲ ಮತ್ತು ಹಡಗಿನಿಂದ ಆಗಲೇ ಪಳಗಿದ್ದ, ಸೇನೆ ಬಳಸುತ್ತಿದ್ದ ಕ್ಷಿಪಣಿಗೆ.

ಆದ್ದರಿಂದ ಮೊದಲು ತೂಕದ ಗೆರೆ ಎಳೆಯಿರಿ ಎಂಬುದು ನಮ್ಮ ಬೇಡಿಕೆ. 2.5 ಟನ್, ಒಂದು ಕಿಲೋ ಹೆಚ್ಚಿಲ್ಲ ಎಂದು ಬರವಣಿಗೆಯಲ್ಲಿ ಕೊಡಿ. ಭೌತಶಾಸ್ತ್ರ ಇಲ್ಲಿ ನಮ್ಮ ಪರವಾಗಿದೆ. 12 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಕಾಲು ಭಾಗ ಮಾತ್ರ, ಜೊತೆಗೆ ವಿಮಾನವೇ ಸೆಕೆಂಡಿಗೆ 250 ಮೀಟರಿಗಿಂತ ಹೆಚ್ಚಿನ ವೇಗ ಪುಕ್ಕಟೆ ಕೊಡುತ್ತದೆ. ಎಕ್ಸ್-51ಎ ಕೂಡ ಬಿ-52ನಿಂದ 50,000 ಅಡಿಯಲ್ಲಿ ಕಳಚಿಕೊಂಡು, ಸಣ್ಣ ಘನ ಇಂಧನ ಬೂಸ್ಟರಿನಿಂದಲೇ ಮ್ಯಾಕ್ 4.8ಕ್ಕೆ ಏರಿತ್ತು. ಗೆರೆ ಎಳೆಯದಿದ್ದರೆ ಏನಾಗುತ್ತದೆಂದು ಈ ಕ್ಷೇತ್ರದ ಎಲ್ಲರಿಗೂ ಗೊತ್ತು. ಗುರಿ ಹುಡುಕುವ ಅನ್ವೇಷಕದವರು ಹತ್ತು ಕಿಲೋ ಕೇಳುತ್ತಾರೆ, ಸಿಡಿತಲೆಯವರು ಐವತ್ತು ಕೇಳುತ್ತಾರೆ, ಅದಕ್ಕೆ ಇಂಧನ ಹೆಚ್ಚುತ್ತದೆ, ಅದಕ್ಕೆ ಬೂಸ್ಟರ್ ದೊಡ್ಡದಾಗುತ್ತದೆ. ಕೊನೆಗೆ ಹೊರಲು ವಿಮಾನವೇ ಇರುವುದಿಲ್ಲ. ನಮ್ಮಲ್ಲಿ ಬಿ-52 ಇಲ್ಲ.

ಎರಡನೆಯದು ಹೊರುವ ಗಂಟೆಗಳ ಮಾತು. ನೆಲದ ಕ್ಷಿಪಣಿ ತನ್ನ ಡಬ್ಬಿಯೊಳಗೆ ಬೆಚ್ಚಗೆ ಮಲಗಿರುತ್ತದೆ. ವಿಮಾನದ ಕ್ಷಿಪಣಿಗೆ ಆ ಭಾಗ್ಯವಿಲ್ಲ. ಮೇ ತಿಂಗಳ ತಂಜಾವೂರು ವಾಯುನೆಲೆಯಲ್ಲಿ ಕಾಂಕ್ರೀಟಿನ ಕಾವಿಗೆ ಹೊಟ್ಟೆ ಒಡ್ಡಿ ನಿಂತಿರುತ್ತದೆ. ಅರ್ಧ ಗಂಟೆ ಕಳೆಯುವುದರೊಳಗೆ ಸೊನ್ನೆಗಿಂತ 50 ಡಿಗ್ರಿ ಕೆಳಗಿನ ಗಾಳಿಯಲ್ಲಿ ತೇಲುತ್ತಿರುತ್ತದೆ. ಗುರಿ ಸಿಗದಿದ್ದರೆ ಅದೇ ಕ್ಷಿಪಣಿ ವಾಪಸು ಬಂದು ಇಳಿಯುತ್ತದೆ, ನಾಳೆ ಮತ್ತೆ ಏರುತ್ತದೆ. ಈ ಕಾವು-ಚಳಿಯ ಆಟಕ್ಕೆ ಬೂಸ್ಟರಿನ ಘನ ಇಂಧನ ಹಿಗ್ಗಿ ಕುಗ್ಗಿ, ಕವಚಕ್ಕೆ ಅಂಟಿಸಿದ ಕಡೆ ಬಿಟ್ಟುಕೊಳ್ಳಬಹುದು ಅಥವಾ ಬಿರುಕು ಬಿಡಬಹುದು. ಬಿರುಕು ಬಿಟ್ಟಲ್ಲಿ ಉರಿಯುವ ಮೈ ಹೆಚ್ಚುತ್ತದೆ, ಒತ್ತಡ ಏರುತ್ತದೆ, ಮೋಟಾರು ಸಿಡಿಯುತ್ತದೆ. ಅದು ಪೈಲಟ್‌ನಿಂದ ಕೆಲವೇ ಮೀಟರ್ ದೂರದಲ್ಲಿ ಇರುವ ವಸ್ತು ಎಂಬುದು ನೆನಪಿರಲಿ. ಅಂಚಿನ ಸೆರಾಮಿಕ್ ಲೇಪನದ್ದು ಇನ್ನೊಂದು ಕಥೆ: ಓಡುದಾರಿಯ ಕಲ್ಲುಚೂರು, ಮಳೆಹನಿ, ಅಥವಾ ಏಣಿಯ ಮೇಲಿನಿಂದ ಜಾರಿದ ಒಂದು ಹದಿನೇಳರ ಸ್ಪ್ಯಾನರ್ ಸಾಕು ಉಗುರಿನಷ್ಟು ಚಕ್ಕೆ ಎದ್ದು ಬರಲು. ಬ್ರಹ್ಮೋಸ್‌ನಲ್ಲಿ ಅಂಥ ಚಕ್ಕೆಗೆ ಬಣ್ಣ ಬಳಿದು ಮುಂದೆ ಹೋಗಬಹುದು. ಮ್ಯಾಕ್ 6ರಲ್ಲಿ ಅದೇ ಜಾಗದಿಂದ ಕರಗುವುದು ಶುರು. ಎಷ್ಟು ಆಳದ ಗೀರು ಸಹಿಸಬಹುದು, ಎಷ್ಟಕ್ಕೆ ಕ್ಷಿಪಣಿ ಇಳಿಸಿ ಕಾರ್ಖಾನೆಗೆ ಕಳಿಸಬೇಕು ಎಂಬ ಕೋಷ್ಟಕ ವಾಯುನೆಲೆಯ ತಾಂತ್ರಿಕರ ಕೈಯಲ್ಲಿ ಇರಬೇಕು. ಅಂಥ ಕೋಷ್ಟಕ ನೂರಾರು ಗಂಟೆ ಹೊತ್ತು ಹಾರಿಸಿದ ಮೇಲೆ ಮಾತ್ರ ಹುಟ್ಟುತ್ತದೆ. ಗಡುವು ಹತ್ತಿರ ಬಂದಾಗ ಮೊದಲು ಕತ್ತರಿ ಬೀಳುವುದೂ ಇದೇ ಗಂಟೆಗಳಿಗೆ. ದಯವಿಟ್ಟು ಬೀಳಗೊಡಬೇಡಿ.

ಈ ಕೆಲಸದ ದೊಡ್ಡ ಪಾಲು ಬೆಂಗಳೂರಿನದು. ಕ್ಷಿಪಣಿ ಕಳಚಿಕೊಳ್ಳುವ ಹೊತ್ತಿಗೆ ವಿಮಾನ ಇರುವುದು ಶಬ್ದದ ವೇಗದ ಆಸುಪಾಸಿನಲ್ಲಿ. ಇಲ್ಲಿನ ವೈಮಾನಿಕ ಸಂಶೋಧನಾಲಯ ಎನ್‌ಎಎಲ್‌ನಲ್ಲಿ 1967ರಿಂದ ಇರುವ 1.2 ಮೀಟರಿನ ಗಾಳಿ ಸುರಂಗ ಮ್ಯಾಕ್ 0.2ರಿಂದ 4ರವರೆಗೆ ಅಳೆಯಬಲ್ಲದು. ಕಳಚಿದ ಕ್ಷಿಪಣಿ ಮೂತಿ ಎತ್ತಿ ವಿಮಾನಕ್ಕೇ ಬಡಿಯುತ್ತದೋ ಇಲ್ಲವೋ ಎಂಬುದನ್ನು ಅಂಥ ಸುರಂಗದಲ್ಲೇ ಮೊದಲು ನೋಡಬೇಕು. ಹೈದರಾಬಾದಿನಲ್ಲಿ 2020ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾದ, ಮ್ಯಾಕ್ 5ರಿಂದ 12ರವರೆಗಿನ ಸುರಂಗದ ಫೋಟೋ ಎಲ್ಲ ಪತ್ರಿಕೆಯಲ್ಲೂ ಬಂತು. ಎನ್‌ಎಎಲ್‌ನ ಹಳೆಯ ಸುರಂಗದ ಫೋಟೋ ಯಾರಿಗೂ ಬೇಕಿಲ್ಲ, ಆದರೆ ವಿಮಾನದಿಂದ ಬಿಡುವ ಕ್ಷಿಪಣಿಯ ಮೊದಲ ಎರಡು ಸೆಕೆಂಡು ಅದರ ಪಾಲಿನದು. ಹಾರಾಟಯೋಗ್ಯತೆಗೆ ಸಹಿ ಹಾಕುವ ಸೆಮಿಲ್ಯಾಕ್, ವಾಯುಪಡೆಯ ಪರೀಕ್ಷಾ ಪೈಲಟ್‌ಗಳ ಎಎಸ್‌ಟಿಇ ಎರಡೂ ಇದೇ ಊರಿನಲ್ಲಿವೆ. ಅವರನ್ನು ಕೊನೆಗೆ ಕಾಗದ ಹಿಡಿದು 'ಸಹಿ ಹಾಕಿ' ಎಂದು ಕೇಳುವ ಬದಲು ವಿನ್ಯಾಸದ ಮೊದಲ ಸಭೆಗೇ ಕರೆಯಿರಿ.

ಮೂರನೆಯ ಮಾತು ಸಂಖ್ಯೆಯದು. ಕಳಚಿಕೊಳ್ಳುವುದು, ಬೂಸ್ಟರ್ ಹೊತ್ತುವುದು, ಬೂಸ್ಟರ್ ಬೇರ್ಪಡುವುದು, ಒಳಬಾಯಿಗೆ ಗಾಳಿ ಸರಿಯಾಗಿ ನುಗ್ಗುವುದು, ಎಂಜಿನ್ ಹೊತ್ತುವುದು, ಹೊತ್ತಿದ್ದು ಉಳಿಯುವುದು: ಆರು ಮೆಟ್ಟಿಲು. ಪ್ರತಿ ಮೆಟ್ಟಿಲೂ ನೂರಕ್ಕೆ 95 ಸಲ ಗೆಲ್ಲುವಂಥದ್ದಾದರೂ ಆರನ್ನೂ ದಾಟುವುದು ನೂರಕ್ಕೆ 74 ಸಲವೂ ಅಲ್ಲ. ಪ್ರತಿಯೊಂದೂ 85 ಎಂದಿಟ್ಟುಕೊಂಡರೆ ಒಟ್ಟು 38ಕ್ಕೆ ಇಳಿಯುತ್ತದೆ. ಹೊಸ ಯಂತ್ರದ ಮೊದಲ ಹಾರಾಟಗಳಿಗೆ 85 ಎಂಬುದೇ ಉದಾರ ಲೆಕ್ಕ. ಎರಡೋ ಮೂರೋ ವಾಹನ ಕಟ್ಟಿ ಫಲಿತಾಂಶಕ್ಕೆ ಕಾಯುವುದು ಲಾಟರಿ ಚೀಟಿ ಕೊಂಡಂತೆ. ಅಮೆರಿಕ ಎಕ್ಸ್-51ಎ ನಾಲ್ಕೇ ಕಟ್ಟಿಸಿತು. ನಾಲ್ಕನೆಯದು ಗೆದ್ದ ದಿನ ಐದನೆಯದು ಇರಲಿಲ್ಲ. ವಿಮಾನದಿಂದ ಬಿಟ್ಟ ಅವರ ಸ್ಕ್ರಾಮ್‌ಜೆಟ್ ಮತ್ತೆ ಯಶಸ್ವಿಯಾಗಿ ಹಾರಿದ್ದು 2021ರ ಸೆಪ್ಟೆಂಬರ್‌ನಲ್ಲಿ. ಎಂಟು ವರ್ಷದಲ್ಲಿ ತಂಡಗಳು ಚದುರುತ್ತವೆ, ಕೈಗೆ ಹತ್ತಿದ ಕಸುಬು ಮರೆಯುತ್ತದೆ.

ಆದ್ದರಿಂದ ಮೊದಲ ಮಂಜೂರಾತಿಯಲ್ಲೇ 12 ಪರೀಕ್ಷಾ ವಾಹನಗಳಿಗೆ ಹಣ ಕೊಡಿ. ಅವುಗಳಲ್ಲಿ ಮೂರಕ್ಕೆ ಎಂಜಿನ್ನೂ ಬೇಡ, ಬೂಸ್ಟರೂ ಬೇಡ. ತೂಕ ಮತ್ತು ಆಕಾರ ಸರಿಯಿರುವ ಲೋಹದ ಮುದ್ದೆಗಳು ಸಾಕು, ಬರೀ ಕಳಚಿಕೊಳ್ಳುವುದನ್ನು ನೋಡಲು. ಇನ್ನು ಮೂರಕ್ಕೆ ನಿಜವಾದ ಬೂಸ್ಟರ್, ಮೇಲೆ ಸುಳ್ಳು ಎಂಜಿನ್. ಉಳಿದ ಆರು ಪೂರ್ತಿ ವಾಹನಗಳು. ಬೂಸ್ಟರುಗಳನ್ನು ಒಂದೇ ಕಂತಿನಲ್ಲಿ ಎರಕ ಹುಯ್ಯಿಸಬೇಡಿ, ಎರಡು ಕಂತು ಮಾಡಿ. ಒಂದು ಕಂತಿನ ಮಿಶ್ರಣದಲ್ಲಿ ದೋಷ ಕಂಡರೆ ಇಡೀ ಯೋಜನೆ ಷೆಡ್ಡಿನಲ್ಲಿ ಕೂರಬಾರದು. ಇದು ದುಂದಾಗಿ ಕಾಣಬಹುದು. ಮೊದಲ ಮೂರು ಲೋಹದ ಮುದ್ದೆಗಳ ಖರ್ಚು ಒಂದು ಪೂರ್ತಿ ವಾಹನ ಕೊಕ್ಕೆಯ ತಪ್ಪಿನಿಂದ ಸಮುದ್ರಕ್ಕೆ ಬೀಳುವ ಖರ್ಚಿನ ಮುಂದೆ ಏನೂ ಅಲ್ಲ.

ಹಾರಿಸಿದ್ದನ್ನು ನೋಡಲೂ ಬೇಕಲ್ಲ. 30 ಕಿಲೋಮೀಟರ್ ಎತ್ತರದ ವಸ್ತು ಕರಾವಳಿಯ ರೇಡಾರಿಗೆ ಕಾಣುವುದು ಹೆಚ್ಚೆಂದರೆ 700 ಕಿಲೋಮೀಟರ್ ದೂರದವರೆಗೆ, ಆಮೇಲೆ ಭೂಮಿಯ ಉಬ್ಬು ಅಡ್ಡ ಬರುತ್ತದೆ. ಪೂರ್ತಿ ದೂರದ ಪರೀಕ್ಷೆಗೆ ಬಂಗಾಳ ಕೊಲ್ಲಿಯ ನಡುವೆ ಹಡಗು ನಿಲ್ಲಲೇಬೇಕು. ನಮ್ಮಲ್ಲಿ ಕ್ಷಿಪಣಿಗಳ ಜಾಡು ಹಿಡಿಯುವ ಐಎನ್‌ಎಸ್ ಧ್ರುವ್ ಇದೆ, ಆದರೆ ಅದರ ಸಮಯಕ್ಕೆ ಬ್ಯಾಲಿಸ್ಟಿಕ್ ಕ್ಷಿಪಣಿಗಳವರೂ ಕೈಚಾಚುತ್ತಾರೆ. 2023ರ ಮಾರ್ಚ್ 13ರಂದು ಎಜಿಎಂ-183 ಹಾರಿದ ಮೇಲೆ ಬೇಕಾದ ದತ್ತಾಂಶ ಸಿಗಲಿಲ್ಲ ಎಂದು ಅಮೆರಿಕದ ವಾಯುಪಡೆಯ ಕಾರ್ಯದರ್ಶಿಯೇ ಒಪ್ಪಿಕೊಳ್ಳಬೇಕಾಯಿತು. ಹಾರಿತು, ಆದರೆ ಏನಾಯಿತೆಂದು ತಿಳಿಯಲಿಲ್ಲ ಎಂಬುದಕ್ಕಿಂತ ದುಬಾರಿ ಸೋಲಿಲ್ಲ.

ಅವರು ಒಪ್ಪಿಕೊಂಡರು ಎಂಬುದನ್ನೂ ಗಮನಿಸಿ. ಎಕ್ಸ್-51ಎಯ ಸೋಲುಗಳ ಕಾರಣ ಇಂದು ಯಾವ ವಿದ್ಯಾರ್ಥಿ ಬೇಕಾದರೂ ಓದಬಹುದು. 2019ರ ಜೂನ್ 12ರಂದು ನಮ್ಮ ಎಚ್‌ಎಸ್‌ಟಿಡಿವಿ ಮೊದಲ ಬಾರಿ ಹಾರಿದಾಗ ಸರ್ಕಾರದ ಪ್ರಕಟಣೆ ಉಡಾವಣೆ ಯಶಸ್ವಿ, ದತ್ತಾಂಶವನ್ನು ವಿಶ್ಲೇಷಿಸಲಾಗುವುದು ಎಂದು ಹೇಳಿ ಮುಗಿಸಿತು. ಎಂಜಿನ್ ಹೊತ್ತಿತೇ ಇಲ್ಲವೇ ಎಂಬುದು ಅದರಲ್ಲಿರಲಿಲ್ಲ. ಗುಟ್ಟು ಬಿಟ್ಟುಕೊಡಿ ಎಂದು ನಾವು ಕೇಳುತ್ತಿಲ್ಲ. ಆರು ಮೆಟ್ಟಿಲುಗಳಲ್ಲಿ ಎಷ್ಟನೆಯದರಲ್ಲಿ ನಿಂತಿತು ಎಂದಷ್ಟೇ ಸ್ಥಾಯಿ ಸಮಿತಿಗಾದರೂ ತಿಳಿಸಿ. ಸೋಲು ಹೇಳಲು ಜಾಗವಿಲ್ಲದ ಕಡೆ ಪರೀಕ್ಷೆಗಳ ಸಂಖ್ಯೆಯೇ ಕಡಿಮೆಯಾಗುತ್ತದೆ. ಸೋಲುವ ಭಯಕ್ಕೆ ಎಲ್ಲರೂ ನೆಲದ ಪರೀಕ್ಷೆಯನ್ನೇ ಇನ್ನೊಂದು ವರ್ಷ ಮುಂದುವರಿಸುತ್ತಾರೆ.

ಇಷ್ಟೆಲ್ಲ ಯಾತಕ್ಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಸಾವಿರ ಕಿಲೋಮೀಟರ್ ದೂರದ ಯುದ್ಧನೌಕೆಯ ಕಡೆಗೆ ಮ್ಯಾಕ್ 6ರ ಕ್ಷಿಪಣಿ ಹೊರಟರೆ ಒಂಬತ್ತು ನಿಮಿಷ ಚಿಲ್ಲರೆಯಲ್ಲಿ ತಲುಪುತ್ತದೆ. ಅಷ್ಟರಲ್ಲಿ 30 ನಾಟ್ (ಗಂಟೆಗೆ ಸುಮಾರು 56 ಕಿಲೋಮೀಟರ್) ವೇಗದ ಹಡಗು ಒಂಬತ್ತು ಕಿಲೋಮೀಟರಿಗೂ ಕಡಿಮೆ ಸರಿದಿರುತ್ತದೆ. ಶಬ್ದಕ್ಕಿಂತ ನಿಧಾನದ ಕ್ಷಿಪಣಿಗೆ ಒಂದು ಗಂಟೆಗೂ ಹೆಚ್ಚು ಬೇಕು, ಹಡಗು 60 ಕಿಲೋಮೀಟರ್ ಆಚೆ. ಲಾಭ ನಿಜ. ಆದರೆ ಹಡಗು ಎಲ್ಲಿದೆ ಎಂಬ ಸುದ್ದಿ ಪೈಲಟ್‌ಗೆ ತಲುಪಲು ಅರ್ಧ ಗಂಟೆ ಹಿಡಿದರೆ ಮ್ಯಾಕ್ 6 ಗಳಿಸಿಕೊಟ್ಟದ್ದರಲ್ಲಿ ಅರ್ಧದಷ್ಟು ಅಲ್ಲೇ ಸೋರಿಹೋಯಿತು. ಸೆಕೆಂಡಿಗೆ 1.8 ಕಿಲೋಮೀಟರ್ ವೇಗದಲ್ಲಿ ಐದು ಜಿ (ಗುರುತ್ವದ ಐದು ಪಟ್ಟು) ಬಲದಿಂದ ತಿರುಗಿದರೂ ತಿರುವಿನ ತ್ರಿಜ್ಯ 66 ಕಿಲೋಮೀಟರ್ ಆಗುತ್ತದೆ, ಕೊನೆಗಳಿಗೆಯಲ್ಲಿ ದಾರಿ ತಿದ್ದಿಕೊಳ್ಳಲು ಬಹಳ ಜಾಗವಿರುವುದಿಲ್ಲ. ಉಪಗ್ರಹ, ಕಡಲ ಗಸ್ತು ವಿಮಾನ, ದತ್ತಾಂಶ ಸಂಪರ್ಕ ಇವುಗಳ ಹಣ ಕಿತ್ತು ಕ್ಷಿಪಣಿಗೆ ಹಾಕಬೇಡಿ. ಎಲ್ಲ ಕ್ಷಿಪಣಿಗಳ ಬದಲು ಇದೇ ಎಂಬ ಆಸೆಯೂ ಬೇಡ. ಅಷ್ಟೇ ದೂರ ಹೋಗುವ, ದಾರಿ ಬದಲಿಸಬಲ್ಲ ಬ್ಯಾಲಿಸ್ಟಿಕ್ ಕ್ಷಿಪಣಿಗಿಂತ ಹೈಪರ್‌ಸಾನಿಕ್‌ಗೆ ಮೂರನೇ ಒಂದು ಪಾಲು ಹೆಚ್ಚು ಖರ್ಚು ಎಂದು ಅಮೆರಿಕದ ಕಾಂಗ್ರೆಸ್ಸಿನ ಬಜೆಟ್ ಕಚೇರಿ 2023ರ ಜನವರಿಯಲ್ಲಿ ಲೆಕ್ಕ ಹಾಕಿದೆ.

ಕೊನೆಯ ವಿಷಯ ತಾಂತ್ರಿಕದ್ದಲ್ಲ, ಆದರೂ ಬಿಡುವಂತಿಲ್ಲ. 2022ರ ಮಾರ್ಚ್ 9ರಂದು ನಮ್ಮ ಕ್ಷಿಪಣಿಯೊಂದು ಆಕಸ್ಮಿಕವಾಗಿ ಹಾರಿ ಪಾಕಿಸ್ತಾನದ ಮಿಯಾಂ ಚನ್ನು ಹತ್ತಿರ ಬಿತ್ತು. ಅಂದು ಸಿಡಿತಲೆ ಇರಲಿಲ್ಲ, ಎದುರಿನವರು ತಾಳ್ಮೆ ಕಳೆದುಕೊಳ್ಳಲಿಲ್ಲ. ಮ್ಯಾಕ್ 6ರ ಕ್ಷಿಪಣಿ 400 ಕಿಲೋಮೀಟರ್ ಸಾಗಲು ನಾಲ್ಕು ನಿಮಿಷವೂ ಬೇಡ, ತಾಳ್ಮೆಗೆ ಅಷ್ಟೇ ಅವಕಾಶ. ಪರೀಕ್ಷೆಗೆ ಮುಂಚೆ ಪರಸ್ಪರ ತಿಳಿಸುವ 2005ರ ಭಾರತ-ಪಾಕಿಸ್ತಾನ ಒಪ್ಪಂದ ಬ್ಯಾಲಿಸ್ಟಿಕ್ ಕ್ಷಿಪಣಿಗಳಿಗೆ ಮಾತ್ರ. ಕ್ರೂಸ್ ಕ್ಷಿಪಣಿ ಅದರ ಹೊರಗಿದೆ. ನಮ್ಮ ವಾಹನ ಮೊದಲ ಬಾರಿ ಸುಖೋಯ್ ಹೊಟ್ಟೆಗೆ ಏರುವ ಮುಂಚೆ ಆ ಒಪ್ಪಂದಕ್ಕೆ ಒಂದು ಸಾಲು ಸೇರಿಸುವ ಮಾತುಕತೆ ಶುರುವಾಗಲಿ. ಈ ಕ್ಷಿಪಣಿಗೆ ಅಣು ಸಿಡಿತಲೆ ಇಲ್ಲ, ಇರುವುದಿಲ್ಲ ಎಂದು ಸದನದಲ್ಲೇ ಹೇಳಿಬಿಡಿ.

ಮುಂದಿನ ಅಧಿವೇಶನದಲ್ಲಿ ಸಮಿತಿಯ ಸದಸ್ಯರು ಈ ಮೂರು ಪ್ರಶ್ನೆ ಕೇಳಿ ಉತ್ತರವನ್ನು ಬರವಣಿಗೆಯಲ್ಲಿ ಪಡೆಯಬೇಕೆಂದು ಕೋರುತ್ತೇವೆ: ತೂಕದ ಮಿತಿ ಎಷ್ಟು ಟನ್ ಎಂದು ನಿಗದಿಯಾಗಿದೆ? ಎಷ್ಟು ಪರೀಕ್ಷಾ ವಾಹನಗಳಿಗೆ ಹಣ ಮಂಜೂರಾಗಿದೆ? ಅವುಗಳಲ್ಲಿ ಎಂಜಿನ್ ಇಲ್ಲದ ಲೋಹದ ಮುದ್ದೆಗಳು ಎಷ್ಟು?

ಇಂತಿ,
ವಾಯುಬಲ ವಿಜ್ಞಾನ, ದಹನ ಹಾಗೂ ಹಾರಾಟ ಪರೀಕ್ಷೆಯ ಕ್ಷೇತ್ರಗಳಲ್ಲಿ ದುಡಿದ ಕನ್ನಡಿಗ ಎಂಜಿನಿಯರುಗಳು
ಬೆಂಗಳೂರು